ಉಳಿದ ಮಗುವಿನ ಅಳಲು



ಮನೆಯಲ್ಲಿ ಮಕ್ಕಳು ತೀರಿಕೊಂಡಾಗ ಬಂಧುಬಾಂಧವರೆಲ್ಲ ತಂದೆತಾಯಿಗಳ ಬಳಿ ಬಂದು ಕುಳಿತುಕೊಳ್ಳುತ್ತಾರೆ. ಹೆತ್ತ ಕರುಳಿನ ಸಂಕಟಕ್ಕೆ ಸಮನಾದುದು ಲೋಕದಲ್ಲಿ ಬೇರೊಂದಿಲ್ಲವಾದುದರಿಂದ ಆ ನಡವಳಿಕೆ ಸಹಜವೇ ಆಗಿದೆ. ಆದರೆ ಅದೇ ಮನೆಯಲ್ಲಿ ಬಂದವರಿಗೆ ಚಾಪೆ ಹಾಸುತ್ತ, ನೀರಿನ ತಂಬಿಗೆ ಹಿಡಿದು ಓಡಾಡುತ್ತಿರುವ ಇನ್ನೊಂದು ಜೀವವಿರುತ್ತದೆ. ಒಡಹುಟ್ಟಿದವರನ್ನು ಕಳೆದುಕೊಂಡು ಉಳಿದ ಮಗು ಅದು. ಅದರ ದುಃಖವನ್ನು ಕೇಳುವವರು ಅಪರೂಪ. ಹಾಗೆ ಕೇಳದೆ ಹೋದವರಲ್ಲಿ ನಾನೂ ಒಬ್ಬನು. ಆ ತಪ್ಪನ್ನು ಒಪ್ಪಿಕೊಳ್ಳುವ ಸಲುವಾಗಿಯೇ ಈ ತಿಂಗಳ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ಒಂದು ಒಕ್ಕಲುತನದ ಮನೆ. ಊರು, ಹೆಸರು ಬೇಡ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ದಂಪತಿಗಳಿಗೆ ಮೂವರು ಮಕ್ಕಳು. ಹಿರಿಯವಳು ಮಗಳು, ಆಗ ಹದಿನೈದರ ವಯಸ್ಸು, ಹತ್ತನೆಯ ತರಗತಿ. ಅವಳ ಬೆನ್ನಿಗೆ ಇಬ್ಬರು ಗಂಡುಮಕ್ಕಳು. ಒಂದು ಭಾನುವಾರ ಮಧ್ಯಾಹ್ನ ಆ ಇಬ್ಬರೂ ಊರ ಹೊರಗಿನ ಕಾಲುವೆಗೆ ಈಜಲು ಹೋದರು. ಚಿಕ್ಕವನ ಕಾಲು ಜಾರಿತು. ಅವನನ್ನು ಹಿಡಿಯಲು ಹೋದ ದೊಡ್ಡವನೂ ಮರಳಲಿಲ್ಲ. ಸಂಜೆಯ ಹೊತ್ತಿಗೆ ಮನೆಯ ಅಂಗಳದಲ್ಲಿ ಎರಡು ದೇಹಗಳನ್ನು ಮಲಗಿಸಲಾಗಿತ್ತು. ಮರುದಿನ ಅವರದೇ ಹೊಲದ ಬದುವಿನಲ್ಲಿ ಇಬ್ಬರಿಗೂ ಸಮಾಧಿಯಾಯಿತು.

ಶಿವಗಣಾರಾಧನೆಯ ದಿನ ನಾನು ಅಲ್ಲಿಗೆ ಹೋಗಿದ್ದೆನು. ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಬೆಳೆದವನು. ಸಾವಿನ ಮನೆಯಲ್ಲಿ ಆಡಬೇಕಾದ ಮಾತುಗಳು ನನಗೆ ಬಾಯಿಪಾಠವಾಗಿದ್ದವು. ದೇಹ ನಶ್ವರ, ಶಿವಚಿತ್ತಕ್ಕೆ ಬಾಗಬೇಕು, ಲಿಂಗೈಕ್ಯರಾದವರಿಗಾಗಿ ಅಳಬಾರದು ಎಂದೆಲ್ಲ ತಂದೆತಾಯಿಗಳಿಗೆ ಹೇಳಿದೆನು. ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ಮಗಳ ತಲೆಯ ಮೇಲೆ ಕೈಯಿಟ್ಟು, “ತಂಗೀ, ಇನ್ನು ಈ ಮನೆಗೆ ಮಗಳೂ ನೀನೇ, ಮಗನೂ ನೀನೇ. ನೀನು ಅತ್ತರೆ ನಿನ್ನ ತಾಯಿ ಉಳಿಯುವುದಿಲ್ಲ. ಧೈರ್ಯವಾಗಿರಬೇಕು” ಎಂದೆನು. ಹುಡುಗಿ ತಲೆಯಾಡಿಸಿದಳು. ಒಳ್ಳೆಯ ಮಾತನ್ನೇ ಆಡಿದೆನೆಂಬ ಸಮಾಧಾನದಿಂದ ನಾನು ಬಸ್ಸು ಹತ್ತಿದೆನು.

ಏಳು ತಿಂಗಳ ನಂತರ ಆ ತಾಯಿಯಿಂದ ಒಂದು ಪತ್ರ ಬಂದಿತು. ಮಗಳು ಒಂದು ದಿನವೂ ಅಳಲಿಲ್ಲವಂತೆ. ನಸುಕಿನಲ್ಲೇ ಎದ್ದು ದನಕ್ಕೆ ಮೇವು ಹಾಕುವುದು, ಹಾಲು ಹಿಂಡುವುದು, ತಂದೆಯ ಬುತ್ತಿಯನ್ನು ಹೊಲಕ್ಕೆ ಒಯ್ಯುವುದು, ತಮ್ಮಂದಿರು ಮಾಡುತ್ತಿದ್ದ ಕೆಲಸವನ್ನೆಲ್ಲ ತಾನೇ ಮಾಡುತ್ತಾಳೆ. ಓದಿನಲ್ಲಿ ಮುಂದಿದ್ದವಳು ಪರೀಕ್ಷೆಯಲ್ಲಿ ಎರಡು ವಿಷಯಗಳಿಗೆ ನಪಾಸಾಗಿದ್ದಾಳೆ. ರಾತ್ರಿ ನಿದ್ದೆಯಿಲ್ಲ, ಊಟ ಮಾಡಿದರೆ ಹೊಟ್ಟೆನೋವು ಎನ್ನುತ್ತಾಳೆ. ವೈದ್ಯರು ಪರೀಕ್ಷಿಸಿ ಹೊಟ್ಟೆಯಲ್ಲಿ ಏನೂ ದೋಷವಿಲ್ಲವೆಂದಿದ್ದಾರೆ. “ನೀವು ಬಂದು ಬುದ್ಧಿ ಹೇಳಿದರೆ ಕೇಳಿಯಾಳು” ಎಂದು ಆ ತಾಯಿ ಬರೆದಿದ್ದರು.

ಬುದ್ಧಿ ಹೇಳಲೆಂದೇ ಹೋದೆನು. ಆ ಹುಡುಗಿ ಮಜ್ಜಿಗೆ ತಂದಿಟ್ಟು ಕಂಬಕ್ಕೆ ಒರಗಿ ನಿಂತಳು. ನಾನು ಮಾತು ಆರಂಭಿಸುವ ಮೊದಲೇ ಅವಳು ನೆಲವನ್ನು ನೋಡುತ್ತ ಕೇಳಿದಳು: “ಅಜ್ಜಾರ, ಇನ್ನ ಮ್ಯಾಲೆ ನಾ ಯಾರಿಗಿ ಅಕ್ಕರೀ?”

ಬಂಧುಗಳೇ, ನಲವತ್ತು ವರ್ಷ ಶಾಸ್ತ್ರಾಧ್ಯಯನ ಮಾಡಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ತಂದೆತಾಯಿಗಳು ಮಕ್ಕಳನ್ನು ಕಳೆದುಕೊಂಡಿದ್ದರು. ಈ ಮಗು ತಮ್ಮಂದಿರ ಜೊತೆಗೆ ತಾನು ಏನಾಗಿದ್ದೆನೋ ಅದನ್ನೇ ಕಳೆದುಕೊಂಡಿತ್ತು. ಹದಿಮೂರು ವರ್ಷಗಳಿಂದ ಅವಳು ಅಕ್ಕನಾಗಿದ್ದಳು. ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಗಿಂತ ಅಕ್ಕಾ ಎಂದು ಕರೆಯುವ ದನಿಗಳೇ ಹೆಚ್ಚಾಗಿದ್ದವು. ಒಂದೇ ಮಧ್ಯಾಹ್ನದಲ್ಲಿ ಆ ಕರೆ ನಿಂತುಹೋಗಿತ್ತು. ಅದು ನಿಂತ ಮೇಲೆ ನಾನು ಅವಳಿಗೆ ಮಗನಾಗು ಎಂದು ಹೇಳಿ ಬಂದಿದ್ದೆನು.

ಹೇಳಬೇಕೆಂದುಕೊಂಡಿದ್ದ ಬುದ್ಧಿಯನ್ನು ಬಿಟ್ಟು, “ನಿನ್ನ ತಮ್ಮಂದಿರು ಹೇಗಿದ್ದರವ್ವಾ? ನನಗೆ ಹೇಳು” ಎಂದೆನು. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದೇ ಮಾತು ಬಂದಿತು. ದೊಡ್ಡವನು ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿಯಿಲ್ಲದಿದ್ದರೆ ಏಳುತ್ತಿರಲಿಲ್ಲವಂತೆ. ಚಿಕ್ಕವನಿಗೆ ಕತ್ತಲೆಯ ಹೆದರಿಕೆ; ರಾತ್ರಿ ಹೊರಗೆ ಹೋಗಬೇಕಾದರೆ ಅಕ್ಕನ ಸೆರಗೇ ಬೇಕು. ಹೀಗೆ ಹೇಳುತ್ತ ಹೇಳುತ್ತ ಆ ಭಾನುವಾರಕ್ಕೆ ಬಂದಳು. ತಾನು ಓದುತ್ತಿದ್ದಾಗ ಇಬ್ಬರೂ ಕೋಣೆಯಲ್ಲಿ ಗದ್ದಲ ಮಾಡುತ್ತಿದ್ದರಂತೆ. “ಎಲ್ಲಿಗರ ಹೋಗ್ರಿ, ನನಗ ಓದಾಕ ಬಿಡ್ರಿ ಅಂದೆರೀ” ಎಂದವಳೇ ಮುಖ ಮುಚ್ಚಿಕೊಂಡು ಅತ್ತಳು. ಏಳು ತಿಂಗಳಲ್ಲಿ ಅದೇ ಮೊದಲ ಅಳು.

“ತಂಗೀ, ನೀನು ಅವರನ್ನು ಕೋಣೆಯಿಂದ ಹೊರಗೆ ಕಳುಹಿಸಿದೆ, ಕಾಲುವೆಗೆ ಕಳುಹಿಸಲಿಲ್ಲ” ಎಂದೆನು. ಆ ಮಾತಿನಿಂದ ಎಷ್ಟು ಪ್ರಯೋಜನವಾಯಿತೋ ತಿಳಿಯದು. ನಿಜವಾದ ಪ್ರಯೋಜನವಾದದ್ದು ಆನಂತರ. ಒಳಗಿನ ಬಾಗಿಲಲ್ಲಿ ತಾಯಿ ಬಂದು ನಿಂತಿದ್ದರು. “ಕಾಲುವೆ ಕಡೆ ಹೋಗಬ್ಯಾಡ್ರಿ ಅಂತ ಅವತ್ತ ನಾನೂ ಹೇಳಲಿಲ್ಲವ್ವಾ” ಎಂದು ಮಗಳ ಪಕ್ಕದಲ್ಲಿ ಕುಸಿದು ಕುಳಿತರು. ಕಟ್ಟೆಯ ಮೇಲೆ ಕುಳಿತಿದ್ದ ತಂದೆ ತಲೆಯೆತ್ತದೆ ನುಡಿದರು: “ಈಸು ಕಲಸತೇನಿ ಅಂತ ಎರಡು ವರ್ಷದಿಂದ ಹೇಳಿಕೋತ ಬಂದೆ. ಕಲಸಲಿಲ್ಲ.”

ಒಂದೇ ಸೂರಿನ ಕೆಳಗೆ ಮೂವರು ಏಳು ತಿಂಗಳಿಂದ ಮೂರು ಅಪರಾಧಗಳನ್ನು ಒಬ್ಬರಿಗೊಬ್ಬರು ತಿಳಿಯದಂತೆ ಹೊತ್ತುಕೊಂಡಿದ್ದರು. ತಂದೆತಾಯಿಗಳ ಎದುರಿಗೆ ಮಗಳು ಅಳಲಿಲ್ಲ, ಅವರು ನೊಂದಾರೆಂದು. ಮಗಳ ಎದುರಿಗೆ ಇವರು ಆ ಹೆಸರುಗಳನ್ನು ಎತ್ತಲಿಲ್ಲ, ಅವಳು ಮರೆಯಲೆಂದು. “ನಮಗ ಆ ಹೆಸರು ಹೇಳಾಕ ಬಾಯಿ ಬರಲಿಲ್ರೀ ಅಜ್ಜಾರ. ಅಕಿ ಮರತಾಳ ಅಂತ ತಿಳಕೊಂಡಿದ್ವಿ” ಎಂದರು ಆ ತಂದೆ. ಮಕ್ಕಳ ಅಂಗಿಗಳನ್ನು, ಪಾಟಿಚೀಲಗಳನ್ನು ಅಟ್ಟಕ್ಕೆ ಸೇರಿಸಿದ್ದರು. ಹೆಣ್ಣುಮಗಳು ಅಲ್ಲಿಗೆ ಹೋಗಬಾರದೆಂದು ಯಾರೋ ಹೇಳಿದ್ದರಿಂದ ಹೊಲದ ಸಮಾಧಿಯ ಬಳಿಗೂ ಅವಳನ್ನು ಬಿಟ್ಟಿರಲಿಲ್ಲ.

ಅಂದು ರಾತ್ರಿ ಮರಳಿ ಬರುವಾಗ ನನ್ನ ಮನಸ್ಸಿಗೆ ನಮ್ಮ ನಾಡಿನದೇ ಇನ್ನೊಬ್ಬ ಹುಡುಗಿಯ ನೆನಪಾಯಿತು. ಪಂಡಿತಾ ರಮಾಬಾಯಿ ಎಂಬ ಹೆಸರನ್ನು ಓದುಗರು ಕೇಳಿರಬಹುದು. ಅವರು ಹುಟ್ಟಿದ್ದು ೧೮೫೮ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸೀಮೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಸ್ವಜನರ ವಿರೋಧವನ್ನು ಎದುರಿಸಿ ಕಾಡು ಸೇರಿದವರು. ಆನಂತರ ಆ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆದಾಡಿತು. ೧೮೭೪ರ ಬರಗಾಲದಲ್ಲಿ ಇದ್ದ ಹಣ, ಒಡವೆ, ಪಾತ್ರೆಗಳೆಲ್ಲ ಕರಗಿದವು. ಕಾಡಿನ ಎಲೆಗಳನ್ನು ತಿಂದು ದಿನ ನೂಕಬೇಕಾಯಿತು. ಕೆಲವೇ ತಿಂಗಳುಗಳ ಅಂತರದಲ್ಲಿ ಮೊದಲು ತಂದೆ, ಅನಂತರ ತಾಯಿ ಲಕ್ಷ್ಮೀಬಾಯಿ, ಅವರ ಹಿಂದೆಯೇ ಅಕ್ಕ ಕೃಷ್ಣಾಬಾಯಿ ಹಸಿವಿನ ಬಾಧೆಯಿಂದ ತೀರಿಕೊಂಡರು. ಆಗ ರಮಾಬಾಯಿಗೆ ಹದಿನಾರರ ವಯಸ್ಸು.

ತಾಯಿಯ ದೇಹವನ್ನು ಸ್ಮಶಾನಕ್ಕೆ ಒಯ್ಯಲು ಸಾಕಷ್ಟು ಜನ ಮುಂದೆ ಬರಲಿಲ್ಲ. ಅಣ್ಣನ ಜೊತೆಗೆ ಆ ಹುಡುಗಿಯೂ ಹೆಗಲು ಕೊಡಬೇಕಾಯಿತು. ಕುಳ್ಳಗಿದ್ದುದರಿಂದ ಹೆಗಲಿಗೆ ಎಟುಕದೆ ಚಟ್ಟದ ಭಾರವನ್ನು ತಲೆಯ ಮೇಲೆ ಹೊತ್ತು ನಡೆದುದಾಗಿ ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಆನಂತರ ಉಳಿದವರು ಅಣ್ಣ ಶ್ರೀನಿವಾಸ ಮತ್ತು ತಂಗಿ ರಮಾ, ಇಬ್ಬರೇ. ಅವರು ಉತ್ತರದ ದಿಕ್ಕಿಗೆ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದರು. ಪಂಜಾಬಿನ ಝೇಲಂ ನದಿಯ ದಂಡೆಯಲ್ಲಿ ಚಳಿ ತಾಳಲಾರದೆ ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯನ್ನೆಲ್ಲ ಮರಳಿನಿಂದ ಮುಚ್ಚಿಕೊಂಡು ರಾತ್ರಿ ಕಳೆದರು. ೧೮೭೮ರಲ್ಲಿ ಕಲ್ಕತ್ತೆಗೆ ಬಂದಾಗ ಆ ಯುವತಿಯ ವಿದ್ವತ್ತನ್ನು ಕಂಡು ಅಲ್ಲಿನ ಪಂಡಿತರು ಪಂಡಿತಾ ಎಂಬ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಎರಡೇ ವರ್ಷಗಳಲ್ಲಿ, ೧೮೮೦ರಲ್ಲಿ, ಆ ಅಣ್ಣನೂ ತೀರಿಕೊಂಡನು.

ಈ ಕಥೆಯನ್ನು ಹೇಳುವವರು ಬಿರುದುಗಳಲ್ಲಿಗೆ ಬಂದು ನಿಲ್ಲುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿಗಳು.

ಮೊದಲನೆಯದು, ಅಕ್ಕ ಹೋದ ಮೇಲೆ ರಮಾಬಾಯಿಗೆ ಐದಾರು ವರ್ಷಗಳ ಕಾಲ ಒಬ್ಬ ಅಣ್ಣನಿದ್ದನು. ಅವಳ ತಾಯಿ ಅವನಿಗೂ ತಾಯಿ, ಅವಳ ಅಕ್ಕ ಅವನಿಗೂ ಒಡಹುಟ್ಟಿದವಳು. ಇಬ್ಬರ ದುಃಖವೂ ಒಂದೇ; ಇಬ್ಬರ ದಾರಿಯೂ ಒಂದೇ. ತನ್ನ ಬಾಲ್ಯಕ್ಕೆ ಸಾಕ್ಷಿಯಾದ ಒಂದು ಜೀವ ಪಕ್ಕದಲ್ಲಿ ನಡೆಯುತ್ತಿತ್ತು. ನಾನು ಹೇಳಿದ ಮನೆಯ ಹುಡುಗಿಗೆ ಅಂಥ ಜೊತೆಯಿಲ್ಲ. ಒಡಹುಟ್ಟಿದವರೆಲ್ಲ ಹೋದ ಮೇಲೆ ಆ ಜೊತೆಯ ಸ್ಥಾನದಲ್ಲಿ ನಿಲ್ಲಬಲ್ಲವರು ತಂದೆತಾಯಿಗಳು ಮಾತ್ರ. ಅವರೂ ಮೌನ ತಾಳಿದರೆ ಮಗು ಆ ದಾರಿಯನ್ನು ಒಂಟಿಯಾಗಿಯೇ ನಡೆಯಬೇಕಾಗುತ್ತದೆ.

ಎರಡನೆಯದು, ಶೋಕವು ಫಲ ಕೊಡಲು ತೆಗೆದುಕೊಳ್ಳುವ ಕಾಲ. ೧೮೯೬-೯೭ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಬರಗಾಲ ಬಿದ್ದಾಗ ರಮಾಬಾಯಿ ತಾವಾಗಿಯೇ ಅಲ್ಲಿಗೆ ಹೋಗಿ ಹಸಿದ, ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಸಮೀಪದ ಕೇಡಗಾಂವದಲ್ಲಿ ಆಶ್ರಯ ಕೊಟ್ಟರು. ತಮ್ಮ ಸ್ವಂತ ಬರಗಾಲದ ನೆನಪೇ ತಮ್ಮನ್ನು ಅಲ್ಲಿಗೆ ಕರೆದೊಯ್ದಿತೆಂಬುದನ್ನು ಅವರು ಮರೆಮಾಚಲಿಲ್ಲ. ಆ ಹೊತ್ತಿಗೆ ಅವರು ಕ್ರೈಸ್ತಮತವನ್ನು ಸ್ವೀಕರಿಸಿ ಹದಿಮೂರು ವರ್ಷಗಳಾಗಿದ್ದವು. ಆ ವಿಷಯ ಇಲ್ಲಿ ಚರ್ಚೆಗೆ ಬೇಕಾಗಿಲ್ಲ. ನಾವು ಗಮನಿಸಬೇಕಾದುದು ಇಷ್ಟೇ: ಹದಿನಾರರಲ್ಲಿ ತಲೆಯ ಮೇಲೆ ಹೊತ್ತ ಭಾರವು ಸೇವೆಯಾಗಿ ಮಾರ್ಪಡಲು ಇಪ್ಪತ್ತೆರಡು ವರ್ಷಗಳು ಬೇಕಾದವು. ನಾವಾದರೋ ನಮ್ಮ ಮಕ್ಕಳಿಗೆ ಹನ್ನೊಂದು ದಿನಗಳ ಗಡುವು ಕೊಡುತ್ತೇವೆ. ಕಾರ್ಯ ಮುಗಿಯಿತು, ಇನ್ನು ಪುಸ್ತಕ ಹಿಡಿ ಎನ್ನುತ್ತೇವೆ.

ಹದಿಹರೆಯದ ಮಕ್ಕಳ ಶೋಕದ ರೀತಿಯೇ ಬೇರೆಯಾದುದು. ಅದು ಅಲೆಗಳಂತೆ ಬಂದುಹೋಗುತ್ತದೆ. ಬೆಳಿಗ್ಗೆ ಗೆಳತಿಯರ ಜೊತೆ ನಕ್ಕ ಹುಡುಗಿ ರಾತ್ರಿ ಬಿಕ್ಕಬಹುದು. ನಕ್ಕಳೆಂದ ಮಾತ್ರಕ್ಕೆ ಮರೆತಳೆಂದು ತಿಳಿಯಬಾರದು, ಇವಳಿಗೆ ಕರುಳೇ ಇಲ್ಲವೆಂದು ಹಂಗಿಸಲೂಬಾರದು. ಕೆಲವರಲ್ಲಿ ದುಃಖವು ಸಿಟ್ಟಾಗಿ, ಇನ್ನು ಕೆಲವರಲ್ಲಿ ತಲೆನೋವು, ಹೊಟ್ಟೆನೋವು, ನಿದ್ರಾಹೀನತೆಯಾಗಿ ಹೊರಬೀಳುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಡಹುಟ್ಟಿದವರ ಮಧ್ಯೆ ಜಗಳವಿಲ್ಲದ ದಿನವಿಲ್ಲವಾದುದರಿಂದ, ಉಳಿದ ಮಗುವಿನ ನೆನಪಿನಲ್ಲಿ ಯಾವುದೋ ಒಂದು ಕೊನೆಯ ಬಿರುಸು ಮಾತು ಮುಳ್ಳಿನಂತೆ ಉಳಿದಿರುತ್ತದೆ. ಅವರ ಬದಲು ನಾನೇ ಹೋಗಬೇಕಾಗಿತ್ತು ಎಂಬ ಆಲೋಚನೆಯೂ ಸುಳಿಯಬಹುದು. ಅದನ್ನು ಹೊರತೆಗೆಯಬೇಕಾದರೆ ಮೊದಲು ಯಾರಾದರೂ ಕೇಳಬೇಕು. ಕೇಳಿ, ಉಪದೇಶಿಸದೆ ಕುಳಿತಿರಬೇಕು.

ಇಲ್ಲಿ ನಮ್ಮ ಧರ್ಮದ ಮಾತೊಂದನ್ನು ನೆನೆಯುವುದು ಯುಕ್ತ. ಶರಣರು ಐದು ಬಗೆಯ ಸೂತಕಗಳನ್ನು ಅಲ್ಲಗಳೆದರು, ಮರಣಸೂತಕವೂ ಅವುಗಳಲ್ಲೊಂದು. ಸಾವಿಗೆ ಮೈಲಿಗೆಯಿಲ್ಲವೆಂದ ಮೇಲೆ ಸತ್ತವರ ಹೆಸರಿಗೆ ಎಲ್ಲಿಯ ಮೈಲಿಗೆ? ಅವರ ಅಂಗಿಗೆ, ಪುಸ್ತಕಕ್ಕೆ, ಮಣ್ಣು ಮಾಡಿದ ನೆಲಕ್ಕೆ ಎಲ್ಲಿಯ ಮೈಲಿಗೆ? ತಮ್ಮಂದಿರ ಸಮಾಧಿಗೆ ಹೂವಿಡಲು ಅಕ್ಕನಿಗೆ ಅಡ್ಡಿ ಹೇಳುವವರು ಯಾವ ಶಾಸ್ತ್ರದಿಂದ ಹೇಳುತ್ತಾರೆ? ಸೂತಕವನ್ನು ಬಾಗಿಲಿನಿಂದ ಹೊರಗಟ್ಟಿದ ನಾವು ಮೌನದ ಹೆಸರಿನಲ್ಲಿ ಅದನ್ನೇ ಒಳಗೆ ಕರೆದುಕೊಂಡಿದ್ದೇವೆ. ಲಿಂಗೈಕ್ಯವೆಂಬ ಪದವೂ ಹಾಗೆಯೇ. ಅದು ಅಗಲಿದವರ ಗತಿಯನ್ನು ಕುರಿತದ್ದು. ಉಳಿದವರ ಬಾಯಿಗೆ ಹಾಕುವ ಬೀಗವಲ್ಲ. ಅದನ್ನು ಬೀಗವಾಗಿ ಬಳಸಿದವನು ನಾನೇ ಆದುದರಿಂದ ಈ ಮಾತನ್ನು ಹೇಳುವ ಧೈರ್ಯ ಮಾಡಿದ್ದೇನೆ.

ಆದುದರಿಂದ ಇಂಥ ದುರ್ದೈವ ಒದಗಿದ ಮನೆಗಳ ಹಿರಿಯರಲ್ಲಿ ನನ್ನ ವಿನಂತಿ. ಉಳಿದ ಮಗುವಿಗೆ ಹೋದವರ ಜಾಗವನ್ನು ತುಂಬುವ ಹೊರೆಯನ್ನು ಹೊರಿಸಬೇಡಿರಿ. ಮಗಳು ಮಗನಾಗಬೇಕಿಲ್ಲ, ತಮ್ಮನು ಅಣ್ಣನಾಗಬೇಕಿಲ್ಲ. ಹೋದವನು ಎಷ್ಟು ಜಾಣನಾಗಿದ್ದನೆಂದು ಹೇಳಿ ಇದ್ದವನನ್ನು ಅಳೆಯಬೇಡಿರಿ. ಅಗಲಿದವರ ಹೆಸರನ್ನು ಊಟದ ಹೊತ್ತಿನಲ್ಲಿ, ಹಬ್ಬದ ದಿನದಲ್ಲಿ ಸಹಜವಾಗಿ ಎತ್ತಿರಿ. ಅವರ ಹುಟ್ಟಿದ ದಿನ, ತೀರಿಕೊಂಡ ದಿನ ಹತ್ತಿರ ಬಂದಾಗ ಮಗುವಿನ ಮೇಲೆ ಒಂದು ಕಣ್ಣಿಟ್ಟಿರಿ. ಕ್ಯಾಲೆಂಡರು ನೋಡದಿದ್ದರೂ ಎದೆಗೆ ಆ ದಿನಗಳು ತಿಳಿಯುತ್ತವೆ. ಶಾಲೆಯ ಗುರುಗಳಿಗೆ ವಿಷಯ ತಿಳಿಸಿರಿ. ತಂದೆತಾಯಿಗಳು ಮಕ್ಕಳೆದುರು ಅತ್ತರೆ ತಪ್ಪಿಲ್ಲ. ಒಟ್ಟಿಗೆ ಅಳುವುದು ಒಬ್ಬೊಬ್ಬರೇ ಅಳುವುದಕ್ಕಿಂತ ಮೇಲು.

ಒಂದು ಎಚ್ಚರಿಕೆಯ ಮಾತು. ತಿಂಗಳುಗಳು ಕಳೆದರೂ ಮಗು ಊಟ ನಿದ್ದೆ ಬಿಟ್ಟಿದ್ದರೆ, ಯಾರೊಡನೆಯೂ ಬೆರೆಯದಿದ್ದರೆ, ತನ್ನ ವಸ್ತುಗಳನ್ನು ಹಂಚಿಬಿಡತೊಡಗಿದರೆ, ಅಥವಾ ನಾನೂ ಅವರಿದ್ದಲ್ಲಿಗೆ ಹೋಗಬೇಕು ಎಂಬ ಮಾತನ್ನಾಡಿದರೆ, ಅದನ್ನು ಹರಕೆ, ತಾಯತಗಳಿಗೆ ಬಿಟ್ಟು ಕಾಲ ಕಳೆಯದೆ ಕೂಡಲೇ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಅಂಥ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆಯಿದೆ. ೨೦೨೨ರಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಸರಕಾರಿ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಮನಸ್ಸಿನ ನೋವಿಗೆ ವೈದ್ಯರ ಬಳಿ ಹೋಗುವುದು ಮನೆತನದ ಮರ್ಯಾದೆಗೆ ಕುಂದಲ್ಲ. ಕಾಲು ಮುರಿದ ಮಗುವನ್ನು ಯಾರೂ ಮನೆಯಲ್ಲಿ ಬಚ್ಚಿಡುವುದಿಲ್ಲವಷ್ಟೆ.

ಇನ್ನು ಆ ಹುಡುಗಿಯ ಪ್ರಶ್ನೆ. ಅಂದು ಕೊಡಲಾಗದ ಉತ್ತರವನ್ನು ಮುಂದಿನ ಭೇಟಿಯಲ್ಲಿ ಕೊಟ್ಟೆನು. “ನೀನು ಆ ಇಬ್ಬರಿಗೇ ಅಕ್ಕ. ಸಾವು ಅವರನ್ನು ಒಯ್ದಿದೆ, ನಂಟನ್ನು ಒಯ್ದಿಲ್ಲ. ನಿನ್ನ ತಾಯಿ ಈಗಲೂ ಮೂವರು ಮಕ್ಕಳ ತಾಯಿಯೇ ಅಲ್ಲವೇ? ಹಾಗೆಯೇ ಇದು” ಎಂದೆನು. ಅವಳು ಒಪ್ಪಿದಳೋ ಇಲ್ಲವೋ, ಸುಮ್ಮನೆ ಕೇಳಿಸಿಕೊಂಡಳು. ಆ ವಾರ ತಂದೆಯೇ ಅವಳನ್ನು ಹೊಲಕ್ಕೆ ಕರೆದೊಯ್ದರಂತೆ. ಸಮಾಧಿಯ ಪಕ್ಕದಲ್ಲಿ ಅವಳು ಒಂದು ಕಣಗಿಲೆಯ ಗಿಡ ನೆಟ್ಟಳು. ಅಟ್ಟದಿಂದ ಪಾಟಿಚೀಲಗಳು ಕೆಳಗಿಳಿದವು. ತಾಯಿಯೂ ಮಗಳೂ ಕೆಲವು ದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೂ ಹೋಗಿಬಂದರು. ಬಿಟ್ಟುಹೋದ ಎರಡು ವಿಷಯಗಳನ್ನು ಅವಳು ಮರುವರ್ಷ ಪಾಸು ಮಾಡಿದಳು.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆನು. ಕಾಲುವೆಯ ದಾರಿಯಲ್ಲಿ ಅವಳು ಈಗಲೂ ಹೋಗುವುದಿಲ್ಲ. ಮಳೆಗಾಲದ ಕೆಲವು ರಾತ್ರಿ ನಿದ್ದೆ ಬರುವುದಿಲ್ಲವಂತೆ. ಆದರೆ ಕಳೆದ ತಿಂಗಳು ಭೇಟಿಯಾದಾಗ ಒಂದು ಸಂಗತಿಯನ್ನು ತಾನಾಗಿಯೇ ಹೇಳಿದಳು. ಕಾಲೇಜಿನ ವಸತಿನಿಲಯದಲ್ಲಿ ಹೊಸ ಗೆಳತಿಯರು, ಒಡಹುಟ್ಟಿದವರು ಎಷ್ಟು ಮಂದಿ ಎಂದು ಕೇಳಿದರಂತೆ. ಮೊದಲೆಲ್ಲ ಈ ಪ್ರಶ್ನೆ ಬಂದರೆ ಎದ್ದುಹೋಗುತ್ತಿದ್ದಳು. ಈ ಸಲ ಎದ್ದುಹೋಗಲಿಲ್ಲ.

“ಇಬ್ಬರು ತಮ್ಮಂದಿರು ಅಂದೆರೀ ಅಜ್ಜಾರ. ತೀರಿಕೊಂಡಾರ ಅಂದೆ. ಅವರ ಹೆಸರೂ ಹೇಳಿದೆ.”